ಪೀಣ್ಯದಲ್ಲಿ ಏನೇನು ಕೆಲಸ ಸಿಗುತ್ತೆ?

ಮಕ್ಕಳ ಬಾಯಿಗೆ ಪ್ರಶ್ನೆ ಕೊಟ್ಟು ಬೀದಿಗೆ ಬಿಟ್ಟರೆ ಉತ್ತರ ಬರುತ್ತೋ ಇಲ್ವೋ, ಫಜೀತಿ ಮಾತ್ರ ಗ್ಯಾರಂಟಿ. ಬೆಂಗಳೂರಿನ ಪೀಣ್ಯ ಫ್ಯಾಕ್ಟರಿಗಳ ಪಕ್ಕದ ದಾಸರಹಳ್ಳಿಯ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡ್ತಿದ್ದೆ. ಪ್ರತಿ ವರ್ಷ ಹತ್ತನೇ ಕ್ಲಾಸಿನವರಿಗೆ, ‘ಸುತ್ತಮುತ್ತ ಏನೇನು ಕೆಲಸ ಇದೆ, ಅದಕ್ಕೆ ಏನು ಓದಿರಬೇಕು, ವಿಚಾರಿಸಿಕೊಂಡು ಬನ್ನಿ’ ಅಂತ ಹೇಳ್ತಿದ್ದೆ. ಆ ವರ್ಷ ಇದನ್ನ ಮನಸ್ಸಿಗೆ ಹಚ್ಚಿಕೊಂಡವಳು ರಾಯಚೂರು ಕಡೆಯ ಗಾರೆ ಮೇಸ್ತ್ರಿಯ ಮಗಳು. ಅವಳಿಗೆ ಐಟಿಐ ಸೇರಿ ಕಬ್ಬಿಣ ಕಡೆಯೋ ಲೇತ್ ಮಷೀನ್ ಕಲಿಯೋ ಆಸೆ. ಅಪ್ಪನದು ಒಂದೇ ಮಾತು: ಹತ್ತು ಮುಗಿಸು, ಗಾರ್ಮೆಂಟ್ಸ್ ಸೇರು.

೧. ಪೂಜೆ ದಿನ

ಮಕ್ಕಳನ್ನ ನಾನೇ ಕರ್ಕೊಂಡು ಹೋದರೆ ಫ್ಯಾಕ್ಟರಿ ಗೇಟಲ್ಲಿ ಸೆಕ್ಯುರಿಟಿಯವನು ತಡೆದ. ‘ಆಯುಧಪೂಜೆಗೆ ಬನ್ನಿ ಮೇಡಂ, ಅವತ್ತು ಯಾರು ಬಂದ್ರೂ ಬಿಡ್ತೀವಿ.’

ಹೋದ್ವಿ. ಮಷೀನುಗಳೆಲ್ಲ ಬಂದ್! ಒಂದೊಂದಕ್ಕೂ ಸೇವಂತಿಗೆ ಹಾರ, ಬಾಳೆಕಂದು. ಬಂದವರಿಗೆಲ್ಲ ಕಡ್ಲೆಪುರಿ. ಮೇಸ್ತ್ರಿ ಮಗಳು ಮಾತ್ರ ಪುರಿ ಮರೆತು ಲೇತ್ ಮುಂದೆ ಕೈಮುಗಿದು ನಿಂತುಬಿಟ್ಟಿದ್ದಳು. ರಜೆ ಮುಗಿದ ಮೇಲೆ ಒಬ್ಬ ಹುಡುಗ ಎದ್ದು ಒಪ್ಪಿಸಿದ: ‘ಪೀಣ್ಯದಲ್ಲಿ ಮುಖ್ಯ ಕೆಲಸ ಕಡ್ಲೆಪುರಿ ಹಂಚೋದು ಮೇಡಂ. ಏನೂ ಓದಿರಬೇಕಾಗಿಲ್ಲ.’

೨. ಓನರ್ ತಾತ

ಆಮೇಲೆ ಮೇಸ್ತ್ರಿ ಮಗಳು ತಮ್ಮ ಮನೆ ಓನರನ್ನೇ ಹಿಡಿದಳು.

‘ಏನ್ ಕೆಲಸ ಮಾಡ್ತೀರಿ ತಾತಾ?’

‘ಬಾಡಿಗೆ ಈಸ್ಕೋತೀನಿ ಕಣವ್ವ.’

‘ಅದಕ್ಕೆ ಏನು ಓದಿರಬೇಕು?’

‘ಓದೋದೇನ್ ಬಂತು? ನಮ್ಮಪ್ಪನ ಒಟ್ಟೇಲಿ ಉಟ್ಟಿರ್ಬೇಕು, ಅಷ್ಟೇಯ!’

ಅವಳು ಬಂದು ಇದನ್ನ ಒಪ್ಪಿಸಿದ್ದೇ ತಡ, ಇಡೀ ಕ್ಲಾಸಿಗೆ ಓನರ್ ಆಗೋ ಹುಚ್ಚು ಹಿಡೀತು. ‘ಆ ಅಪ್ಪ ಇನ್ನು ಸಿಗಲ್ಲ, ಓದ್ಕೊಳ್ರೋ ಕತ್ತೆಗಳಾ!’ ಅಂತ ಗದರಿದೆ.

೩. ಮೇಸ್ತ್ರಿಯ ಕರಾರು

ಒಂದು ದಿನ ಮೇಸ್ತ್ರಿಯೇ ಸ್ಕೂಲಿಗೆ ಬಂದ್ರು. ‘ನನ್ನ ಮಗಳ ತಲಿ ಕೆಡಿಸೀರಲ್ಲ ಮೇಡಂ! ಹೆಣ್ಣುಹುಡುಗಿ ಮಷೀನ್ ಮುಂದ ಕುಂದ್ರೂದು ಚಂದೇನ್ರಿ? ನಾ ಗಾರ್ಮೆಂಟ್ಸಿಗೇ ಕಳಸ್ತೀನಿ.’

‘ಅಲ್ಲೂ ಮಷೀನ್ ಮುಂದನ ಕುಂದ್ರೂದಲ್ಲಪ್ಪಾ’ ಅಂದಳು ಮಗಳು.

ನನಗೋ ಒಳಗೊಳಗೇ ಖುಷಿ. ಮೇಸ್ತ್ರಿ ಹೆಗಲ ಮೇಲಿನ ಟವೆಲ್ ಕೊಡವಿಕೊಂಡು, ‘ಆ ಐಟಿಐ ಎಲ್ಲೈತಿ, ತೋರಸ್ರಿ’ ಅಂದ್ರು.

ಐಟಿಐ ಪ್ರಿನ್ಸಿಪಾಲರ ಮುಂದೆ ಕೂತವರೇ, ಬೆಳಿಗ್ಗೆ ಕೂಲಿಗೆ ಆಳು ಕರೆಯೋಕೆ ಬಂದವರ ಹತ್ತಿರ ಮಾತಾಡೋ ಹಾಗೇ ಶುರು ಮಾಡಿದ್ರು. ‘ಸಂಜಿ ಐದಕ್ಕ ಬಿಡಬೇಕ್ರಿ. ನಡುವ ಒಮ್ಮೆ ಚಾ ಕೊಡಬೇಕು. ಭಾರ ಹೊರಸಂಗಿಲ್ಲ. ಐತವಾರ ಆಕಿ ಬರೂದಿಲ್ಲ.’ ಪ್ರಿನ್ಸಿಪಾಲರು, ಪಾಪ, ಎಲ್ಲದಕ್ಕೂ ‘ಆಯ್ತಪ್ಪ’ ಅಂತಾನೇ ಬಂದ್ರು. ಕೊನೆಗೆ, ‘ಇನ್ನೇನಾದ್ರೂ ಇದೆಯಾ?’ ಅಂತ ಕೇಳಿದ್ರು.

ಮೇಸ್ತ್ರಿ ತಮ್ಮ ಮಗಳ ಕಡೆ ನೋಡಿ ಟವೆಲಲ್ಲಿ ಮುಖ ಒರೆಸ್ಕೊಂಡ್ರು.

‘ಇನ್ನೊಂದೈತ್ರಿ. ತಪ್ಪು ಮಾಡಿದ್ರ ಆಕಿನ್ನ ನೀವು ಬೈಬ್ಯಾಡ್ರಿ. ನನಗ ಫೋನ್ ಹಚ್ಚ್ರಿ, ನಾನ ಬಂದು ಬೈದು ಹೋಗ್ತೀನಿ.’