ಔಷಧಿ ಅವಳಿಗೆ, ಕೆಮ್ಮು ಮನೆಗೆಲ್ಲ

ಕಾಯಿಲೆ ಇರೋ ಮನೇಲಿ ನಗು ಇರಲ್ಲ ಅನ್ನೋರು ಚಂದ್ರಾ ಲೇಔಟಿನ ನಮ್ಮನೆಗೆ ಬಂದಿಲ್ಲ, ಅಷ್ಟೇ. ಒಂಬತ್ತು ವರ್ಷದ ಮಗಳಿಗೆ ಹುಟ್ಟಿನಿಂದ ಸಿಸ್ಟಿಕ್ ಫೈಬ್ರೋಸಿಸ್. ಎದೇಲಿ ಕಫ ಗೋಂದಿನ ಹಾಗೆ ಅಂಟಿಕೊಳ್ಳುತ್ತೆ. ಅದನ್ನ ತೆಳುವಾಗಿಸೋ ಕಿಣ್ವದ ಔಷಧಿಯನ್ನ ನೆಬ್ಯುಲೈಸರ್ ಮೆಷಿನ್ನಲ್ಲಿ ದಿನಾ ಎಳ್ಕೋಬೇಕು ಅಂತ ಡಾಕ್ಟ್ರು ಬರೆದುಕೊಟ್ಟರು. ಮೊದಮೊದಲು ಗಂಟಲು ಕಟ್ಟಬಹುದು, ಕೆಮ್ಮು ಹೆಚ್ಚಾಗಬಹುದು, ಹೆದರ್ಕೋಬೇಡಿ. ಉಸಿರು ಕಟ್ಟಿದ್ರೆ, ಎದೆ ನೋವು ಬಂದ್ರೆ ಮಾತ್ರ ತಕ್ಷಣ ಬನ್ನಿ ಅಂದರು. ನಾನು ತಲೆಯಾಡಿಸಿದೆ. ನಮ್ಮತ್ತೆ ಆಡಿಸಲಿಲ್ಲ.

೧

ವಾರದೊಳಗೆ ಮಗಳ ಧ್ವನಿ ಗೊಗ್ಗರಾಯ್ತು. ಮಹಾಲಕ್ಷ್ಮಿ ಲೇಔಟಿಂದ ನನ್ನ ತಮ್ಮ ಫೋನ್ ಮಾಡಿದಾಗ ಎತ್ತಿದ್ದು ಅವಳೇ. ಅವನು ಭಾವ ಅಂದುಕೊಂಡು, ಭಾನುವಾರ ಎಲ್ಲರೂ ಬರೋಣ ಅಂತಿದೀವಿ ಅಂದನಂತೆ. ಇವಳು ಯಜಮಾನನ ಗತ್ತಲ್ಲೇ, ಬನ್ನಿ, ಒಬ್ಬಟ್ಟು ಮಾಡಿಸ್ತೀನಿ ಅಂದಳಂತೆ. ಭಾನುವಾರ ಐದು ಜನ ಬಂದು ಕೂತರು. ಮನೇಲಿದ್ದದ್ದು ಉಪ್ಪಿಟ್ಟು.

೨

ಶಾಲೆ ನಾಟಕದಲ್ಲಿ ಅವಳದ್ದು ಯಾವಾಗ್ಲೂ ಮರದ ಪಾತ್ರ. ಓಡಿದ್ರೆ ಸುಸ್ತಾಗ್ತಾಳೆ ಅಂತ ಮಿಸ್ಸಿಗೆ ಕನಿಕರ. ಈ ಧ್ವನಿ ಕೇಳಿದ್ದೇ ತಡ, ರಾಕ್ಷಸನ ಪಾತ್ರ ಕೊಟ್ಟರು. ಅವಳು ಒಂದೇ ಸಲ ಗದರಿದ್ದಕ್ಕೆ ರಾಜಕುಮಾರ ಅಳ್ತಾ ವೇದಿಕೆ ಇಳಿದು ಅವರಮ್ಮನ ಹತ್ರ ಓಡಿಬಿಟ್ಟ. ನನ್ನ ಮಗಳಿಗೆ ಜನ ಚಪ್ಪಾಳೆ ಹೊಡೆದದ್ದು ಅದೇ ಮೊದಲು. ನನಗೂ ಅಳು ಬಂತು, ಬೇರೆ ಕಾರಣಕ್ಕೆ.

೩

ಆ ಚಪ್ಪಾಳೆಯೇ ಮುಳುವಾಯ್ತು. ಮಾರನೇ ದಿನ ಕೆಮ್ಮು ಹೆಚ್ಚಾಯ್ತು. ಡಾಕ್ಟ್ರಿಗೆ ಫೋನ್ ಮಾಡಿದೆ. ಉಸಿರಾಟ ಚೆನ್ನಾಗಿದ್ಯಲ್ಲ, ಔಷಧಿ ನಿಲ್ಲಿಸಬೇಡಿ ಅಂದರು. ಅತ್ತೆ ಕೇಳಬೇಕಲ್ಲ! ಇದು ದೃಷ್ಟಿ, ದೃಷ್ಟಿ ಇಳಿಯೋವರೆಗೆ ಔಷಧಿ ಬೇಡ ಅಂತ, ಔಷಧಿ ಇಟ್ಟಿದ್ದ ಫ್ರಿಜ್ಜಿಗೆ ಬೀಗ ಹಾಕಿ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೀ ಕೊಡಿ ಅಂತ ನಾನು ಹಿಂದೆ ಬಿದ್ದೆ. ಈಗ ಬಿಟ್ಟರೆ ಕಫ ಮತ್ತೆ ಅಂಟುತ್ತಲ್ಲ.

ಕೊನೆಗೆ ರಾಜಿ ಮಾಡಿಕೊಂಡೆ: ಒಣಮೆಣಸಿನಕಾಯಿ ನಿವಾಳಿಸಿ, ಆದ್ರೆ ಮಗು ಪಕ್ಕದ ಮನೆಗೆ ಹೋದಮೇಲೇ ಸುಡಿ. ದೃಷ್ಟಿ ಆಗಿದ್ರೆ ಘಾಟು ಬರಲ್ಲ ಅನ್ನೋದು ಅತ್ತೆಯ ನಂಬಿಕೆ. ಹಾಗೇ ಅಡುಗೆಮನೆ ಮುಚ್ಚಿಕೊಂಡು ಧೂಪದ ಕೆಂಡಕ್ಕೆ ಹಾಕಿದರು.

ಅಬ್ಬಬ್ಬಾ, ಆ ಘಾಟು! ಅತ್ತೆ, ನಾನು, ನಮ್ಮೆಜಮಾನ್ರು, ಮಹಡಿ ಮೇಲಿನ ಬಾಡಿಗೆಯವರು ಕೂಡ ಕೆಮ್ಮುತ್ತಾ ಬೀದಿಗೆ ಬಂದ್ವಿ. ಅತ್ತೆ ಕಣ್ಣೀರು ಒರೆಸಿಕೊಂಡು, ಕೀ ತೆಗೆದು ನನ್ನ ಕೈಗಿಟ್ಟರು. "ದೃಷ್ಟಿ ಅಲ್ಲ ಕಣೇ. ಡಾಕ್ಟ್ರು ಹೇಳಿದ್ದೇ ಸರಿ, ಔಷಧಿದೇ ಕೆಮ್ಮು. ತಪ್ಪದೆ ಕೊಡು."

ಎರಡು ವಾರಕ್ಕೆ ಕೆಮ್ಮು ಇಳೀತು. ಆಮೇಲಾಮೇಲೆ ಮಗಳು ಏದುಸಿರಿಲ್ಲದೆ ಮೆಟ್ಟಿಲು ಹತ್ತಿದಳು. ಡಾಕ್ಟ್ರಿಗೆ, ಔಷಧಿಗೆ, ಆ ಮೆಣಸಿನಕಾಯಿಗೂ ನಾನು ಋಣಿ. ಆದ್ರೆ ಇವತ್ತಿಗೂ ನೆನೆಸಿಕೊಂಡು ನಗೋದು ಅವತ್ತು ಬೀದೀಲಿ ನಡೆದದ್ದನ್ನ. ನಾವೆಲ್ಲ ಬಗ್ಗಿಕೊಂಡು ಕೆಮ್ಮುತ್ತಿದ್ದರೆ, ಕೆಮ್ಮದೇ ನಿಂತಿದ್ದವಳು ಅವಳೊಬ್ಬಳೇ. ಪಕ್ಕದ ಮನೆ ಕಾಂಪೌಂಡ್ ಮೇಲಿಂದ ಇಣುಕಿ, ಅದೇ ಗೊಗ್ಗರು ಧ್ವನೀಲಿ ಅಂದಳು:

"ಅಜ್ಜೀ, ಮೊದಮೊದಲು ಕೆಮ್ಮು ಹೆಚ್ಚಾಗುತ್ತೆ. ಹೆದರ್ಕೋಬೇಡಿ."