‘ಪ್ರಕಟಿಸು’ ಎಂಬ ಏಕವಚನ

ಎರಡು ಸಾವಿರದ ಇಪ್ಪತ್ತಮೂರನೆಯ ಇಸವಿ. ನನಗಾಗ ಐವತ್ತನಾಲ್ಕು ವರ್ಷ. ಆ ವಯಸ್ಸಿಗೆ ಬರುವ ಹೊತ್ತಿಗೆ ನಮ್ಮನ್ನು ‘ನೀನು’ ಎನ್ನುವವರ ಸಂಖ್ಯೆ ತಲೆಗೂದಲಿನಂತೆ ಸದ್ದಿಲ್ಲದೆ ಇಳಿದಿರುತ್ತದೆ. ತಾಯಿ ತೀರಿಕೊಂಡಿರುತ್ತಾಳೆ, ಸೋದರಮಾವ ನಮ್ಮ ಗುರುತನ್ನೇ ಮರೆತಿರುತ್ತಾನೆ, ಬಾಲ್ಯದ ಗೆಳೆಯರು ದಾರಿಯಲ್ಲಿ ಸಿಕ್ಕರೆ ನಮ್ಮ ಹೊಟ್ಟೆಯನ್ನು ನೋಡಿ ‘ಹೇಗಿದ್ದೀರಿ’ ಎಂದುಬಿಡುತ್ತಾರೆ. ಇದರಿಂದ ನನಗೆ ಸಂತೋಷವೇ ಆಗಿತ್ತು. ಹಲಸೂರಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಲ್ಲಿಯೂ ನಾನು ಮಕ್ಕಳನ್ನು ಬಹುವಚನದಿಂದಲೇ ಸಂಬೋಧಿಸುತ್ತಿದ್ದೆ. ‘ದಯವಿಟ್ಟು ಬೆಂಚಿನ ಮೇಲೆ ನಿಲ್ಲಿರಿ’ ಎಂದು ಗೌರವಪೂರ್ವಕವಾಗಿ ಶಿಕ್ಷಿಸುತ್ತಿದ್ದೆ.

ಶಾಲೆ ಬಿಟ್ಟ ಮೇಲೆ ತಿದ್ದುವುದಕ್ಕೆ ಯಾರೂ ಸಿಗದೆ, ಜೋಗುಪಾಳ್ಯದ ನಮ್ಮ ಮಹಡಿಮನೆಯ ಕಿಟಕಿಯ ಬಳಿ ಕುಳಿತು ‘ಕಾಗುಣಿತ ಕಟ್ಟೆ’ ಎಂಬ ಬ್ಲಾಗನ್ನು ಆರಂಭಿಸಿದೆ. ಓದುವವರು ಬೆರಳೆಣಿಕೆಯಷ್ಟು, ಅವರಲ್ಲಿ ಕೆಲವರು ಹರಟೆ ಕಟ್ಟೆಯನ್ನು ಹುಡುಕುತ್ತ ದಾರಿ ತಪ್ಪಿ ಬಂದವರಿರಬೇಕು. ಆ ವರ್ಷದ ಬೇಸಿಗೆ ಕಳೆದ ಮೇಲೆ ಒಂದು ಮಧ್ಯಾಹ್ನ, ಬ್ಲಾಗಿನ ತಂತ್ರಾಂಶ ಹೊಸ ಆವೃತ್ತಿಗೆ ಏರಿದೆಯೆಂದು ಪರದೆಯ ಮೇಲೆ ಪ್ರಕಟಣೆ ಬಂತು. ಕಣ್ಣಿಗೆ ತಂಪಾದ ಕಪ್ಪು ಪರದೆ. ಬರೆದಂತೆಲ್ಲ ತಾನೇ ಕಾಪಿಡುವ ವ್ಯವಸ್ಥೆ. ಅಡ್ಡವಾಗಿ ಬಿದ್ದ ಚಿತ್ರಗಳನ್ನು ಎಬ್ಬಿಸಿ ನಿಲ್ಲಿಸುವ ಸೌಲಭ್ಯ. ಎಲ್ಲಕ್ಕಿಂತ ಮಿಗಿಲಾಗಿ, ಲೇಖಕರು ನಿದ್ರಿಸುತ್ತಿರುವಾಗಲೂ ಹೇಳಿದ ಸಮಯಕ್ಕೆ ಲೇಖನ ತಾನಾಗಿ ಪ್ರಕಟವಾಗುವುದಂತೆ. ಇದನ್ನೋದಿ ನಾನು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತೆ. ಹಲಸೂರು ಕೆರೆಯ ಮೇಲೆ ಹದ್ದೊಂದು ರೆಕ್ಕೆಯಾಡಿಸದೆ ತೇಲುತ್ತಿತ್ತು. ನಾನು ಮಲಗಿರುವಾಗ ನನ್ನ ಲೇಖನಗಳೂ ಹೀಗೆಯೇ ತೇಲುತ್ತ, ಬೈಯಪ್ಪನಹಳ್ಳಿಯ ರೈಲುಗಳ ಮೇಲೆ ಹಾದು, ಕೆ.ಆರ್. ಪುರದ ಯಾವುದೋ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಮೆಲ್ಲಗೆ ಇಳಿದು, ಮಲಗಿದವರ ಕಿವಿಯಲ್ಲಿ ಷಷ್ಠೀ ವಿಭಕ್ತಿಯನ್ನು ಉಸುರುತ್ತಿರುವಂತೆ ಕಂಡಿತು.

ಪ್ರಕಟಣೆಯ ಕೊನೆಯ ಸಾಲು ನನ್ನನ್ನು ಎಚ್ಚರಗೊಳಿಸಿತು: ಗುಂಡಿಗಳೆಲ್ಲವೂ ಇನ್ನು ಕನ್ನಡದಲ್ಲಿ. ಹಿಗ್ಗಿನಿಂದ ಪುಟ ತೆರೆದೆ. ಬರೆ. ಉಳಿಸು. ಅಳಿಸು. ಪ್ರಕಟಿಸು. ಹೊರನಡೆ.

‘ಹೊರನಡೆ’! ನನಗೆ, ನನ್ನದೇ ಕಟ್ಟೆಯಲ್ಲಿ! ಹಿಂದಿನ ಆವೃತ್ತಿ ಇಂಗ್ಲಿಷಿನಲ್ಲಿದ್ದಾಗ ಗೌರವದ ಪ್ರಶ್ನೆಯೇ ಉದ್ಭವಿಸಿರಲಿಲ್ಲ. ತಂತ್ರಾಂಶದವರಿಗೆ ವಿವರವಾದ ಆಕ್ಷೇಪಣೆಯನ್ನು ಬರೆದು ಕಳುಹಿಸಿದೆ. ಮರುಕ್ಷಣವೇ ಉತ್ತರ ಬಂತು: ‘ನಿನ್ನ ದೂರು ತಲುಪಿದೆ. ತಾಳ್ಮೆಯಿಂದಿರು.’ ಅಂದೇ ಶಪಥ ಮಾಡಿದೆ. ‘ಪ್ರಕಟಿಸು’ ಎಂಬುದು ‘ಪ್ರಕಟಿಸಿ’ ಎಂದಾಗುವವರೆಗೆ ಆ ಗುಂಡಿಯನ್ನು ಒತ್ತುವುದಿಲ್ಲ.

ಈ ಸತ್ಯಾಗ್ರಹದಲ್ಲಿ ಸಿಕ್ಕಿಕೊಂಡವರು ಸನಾವುಲ್ಲಾ ಸಾಹೇಬರು. ಶಿವಾಜಿನಗರದಲ್ಲಿ ಅವರದೊಂದು ಪುಟ್ಟ ಕನ್ನಡಕದ ಅಂಗಡಿ. ನನ್ನ ಮೊದಲ ಕನ್ನಡಕವನ್ನು ಕೊಟ್ಟವರು ಅವರೇ. ‘ನೀವು ಕನ್ನಡ, ನಾನು ಕನ್ನಡಕ; ಒಂದಕ್ಷರ ನಂದೇ ಜಾಸ್ತಿ’ ಎಂದು ಅಂದು ಹಾಸ್ಯ ಮಾಡಿದ್ದರು. ಮನೆಯಲ್ಲಿ ದಖ್ಖನಿ ಉರ್ದು ಆಡುವ ಅವರು ನನ್ನ ಬ್ಲಾಗನ್ನು ಬೆರಳಿಟ್ಟು ಓದುತ್ತಿದ್ದರು. ಈಗ ಅಂಗಡಿಯಿದ್ದ ಕಟ್ಟಡವೇ ನೆಲಸಮವಾಗಲಿತ್ತು. ಶನಿವಾರ ಸಂಜೆ ಅಂಗಡಿಯ ಬಾಗಿಲನ್ನು ಕೊನೆಯ ಸಲ ಎಳೆಯಬೇಕಿತ್ತು. ಅಂಗಡಿಯ ಕುರಿತು ನಾನೊಂದು ಲೇಖನ ಬರೆದಿದ್ದೆ. ಬಾಗಿಲು ಎಳೆಯುವ ಮುನ್ನ ಬ್ಲಾಗಿನಲ್ಲಿ ಅದನ್ನು ತೆರೆದು ಅಲ್ಲಿ ಸೇರಿದವರಿಗೆ ಓದಿ ಕೇಳಿಸಬೇಕೆಂಬುದು ಅವರ ಆಸೆ. ಬರೆದದ್ದು ಸಿದ್ಧವಾಗಿತ್ತು; ಒತ್ತುವುದೊಂದೇ ಬಾಕಿ. ಶುಕ್ರವಾರ ಅವರು ಫೋನು ಮಾಡಿ ವಿಚಾರಿಸಿದಾಗ ನಾನು ತತ್ತ್ವವನ್ನು ವಿವರಿಸಿದೆ.

“ಬುಲ್ಡೋಜರ್‌ಗೆ ವ್ಯಾಕರಣ ಬರಲ್ವಲ್ಲ ಮೇಷ್ಟ್ರೇ,” ಎಂದರು.

ಆ ಮಾತಿನಿಂದ ನಾನು ಕದಲಿದೆನಾದರೂ ಶಪಥ ಕದಲಲಿಲ್ಲ. ಶನಿವಾರ ಮಧ್ಯಾಹ್ನ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ನನ್ನ ಹೆಂಡತಿ ವಿಮಲಾಳಿಗೆ ಈ ಅವಮಾನವನ್ನು ಮತ್ತೊಮ್ಮೆ ವರ್ಣಿಸಿದೆ. ಅವಳು ತಲೆಯೆತ್ತಲಿಲ್ಲ.

“ಗುಂಡಿ ಒತ್ತೋರು ಯಾರು?”

“ನಾನು.”

“ಅಂದ್ಮೇಲೆ ಪ್ರಕಟಿಸು ಅಂತ ಅದು ನಿಮಗೆ ಹೇಳ್ತಿಲ್ಲ ರೀ. ನೀವು ಅದಕ್ಕೆ ಹೇಳ್ತಿರೋದು.”

ಕರ್ತೃ! ವಿಧ್ಯರ್ಥಕ ಕ್ರಿಯಾಪದದ ಕರ್ತೃ ಯಾರೆಂದು ಒಂದು ತಲೆಮಾರಿಗೆ ಕಲಿಸಿದ ನಾನು, ಅಪ್ಪಣೆ ಕೊಡುವ ಸ್ಥಾನದಲ್ಲಿ ಕುಳಿತೇ ಅಪ್ಪಣೆ ಕೇಳಿಸಿಕೊಂಡವನಂತೆ ಮುನಿಸಿಕೊಂಡಿದ್ದೆ. ‘ಹಾಗಾದರೆ “ನಿನ್ನ ದೂರು” ಎಂದದ್ದು?’ ಎಂದು ಕ್ಷೀಣವಾಗಿ ಕೇಳಿದೆ. ಅದು ಮಾತ್ರ ನಿಮಗೇ ಹೇಳಿದ್ದು, ಸರಿಯಾಗಿಯೇ ಹೇಳಿದೆ ಎಂದಳು. ನಾನು ಎದ್ದುಹೋಗಿ, ಯಂತ್ರವನ್ನು ಏಕವಚನದಲ್ಲಿ ಗದರುವ ಸಂಕೋಚದಿಂದ ಕಣ್ಣು ಮುಚ್ಚಿ, ಗುಂಡಿ ಒತ್ತಿದೆ.

ಸಂಜೆ ಶಿವಾಜಿನಗರಕ್ಕೆ ಹೋದಾಗ ಅಂಗಡಿಯ ಗಾಜಿನ ಕಪಾಟುಗಳು ಅರ್ಧ ಬರಿದಾಗಿದ್ದವು. ಇಳಿಬಿಸಿಲು ಕನ್ನಡಿಯಿಂದ ಕನ್ನಡಿಗೆ ಹಾರಿ, ಉಳಿದ ಕನ್ನಡಕಗಳಲ್ಲಿ ಒಂದೊಂದು ಪುಟ್ಟ ಬೀದಿಯನ್ನು ತಲೆಕೆಳಗಾಗಿ ತೂಗಿಬಿಟ್ಟಿತ್ತು. ಆಟೋದ ಸದ್ದೂ ಬಾಂಗಿನ ದನಿಯೂ ನೀರಿನೊಳಗಿಂದ ಕೇಳಿಸುವಂತಿದ್ದವು. ಹಳೆಯ ಗಿರಾಕಿಗಳು ನಿಂತು ಕೇಳಿದರು. ಸಾಹೇಬರು ಲೇಖನವನ್ನು ಕೊನೆಯವರೆಗೂ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

“ಚೆನ್ನಾಗಿದೆ. ಆದ್ರೆ ‘ಸಾಹೇಬರು ನಕ್ಕರು, ಸಾಹೇಬರು ಒರೆಸಿದರು’... ಗೋಡೆ ಮೇಲಿನ ಫೋಟೋ ಬಗ್ಗೆ ಬರ್ದಂಗಿದೆ ಮೇಷ್ಟ್ರೇ. ಅಂಗಡಿ ಹೋಯ್ತು, ನಾನಿನ್ನೂ ಇದೀನಿ. ಆ ‘ರು’ಗಳನ್ನ ತೆಗೀರಿ.”

ಭಾನುವಾರ ಬೆಳಿಗ್ಗೆ ತಿದ್ದಲು ಕುಳಿತೆ. ನಕ್ಕರು, ನಕ್ಕ. ಒರೆಸಿದರು, ಒರೆಸಿದ. ಒಂದೊಂದು ‘ರು’ ಕಿತ್ತಾಗಲೂ ವಾಕ್ಯವು ಕುರ್ಚಿಯಿಂದೆದ್ದು ಬಂದು ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಕುಳಿತಂತಾಯಿತು. ಮತ್ತೆ ಪ್ರಕಟಿಸುವಷ್ಟರಲ್ಲಿ, ತೆರೆಯಲು ಅಂಗಡಿಯಿಲ್ಲದ ಸನಾವುಲ್ಲಾ ನಮ್ಮ ಮೆಟ್ಟಿಲು ಹತ್ತಿ ಬಂದಿದ್ದ. ವಿಮಲಾ ಟೀ ತಂದಿಟ್ಟಳು. ಅವನು ತಿದ್ದಿದ್ದನ್ನು ಪರದೆಯ ಮೇಲೆ ಓದಿದ, ಲೋಟವನ್ನು ಮುಟ್ಟಲಿಲ್ಲ.

“ಬರ್ದಿದ್ದು ಆಯ್ತು. ಈಗ ಬಾಯಲ್ಲೂ ‘ನೀನು’ ಅಂತ ಹೇಳು,” ಎಂದ.

ಅವನ ಮುಖವನ್ನು ನೋಡಿದೆ. ಧೈರ್ಯ ತಂದುಕೊಂಡೆ.

“ನೀನು... ಟೀ ಕುಡೀರಿ.”

ಏಕವಚನದ ಕರ್ತೃ, ಬಹುವಚನದ ಕ್ರಿಯಾಪದ. ಆರನೆಯ ತರಗತಿಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಆ ಪುಟದ ಮೇಲೆ ಕೆಂಪು ಶಾಯಿಯ ಹೊಳೆಯನ್ನೇ ಹರಿಸುತ್ತಿದ್ದೆ. ಸನಾವುಲ್ಲಾ ಟೀ ಎತ್ತಿಕೊಂಡು ಕುಡಿದ. ಅಂದಿನಿಂದ ನಾನು ಅವನನ್ನು ಮಾತನಾಡಿಸುತ್ತಿರುವುದು ಇದೇ ಅಶುದ್ಧ ಪ್ರಯೋಗದಲ್ಲಿ: ನೀನು ಬನ್ನಿ, ನೀನು ಕೂತ್ಕೊಳ್ಳಿ. ಇದನ್ನು ತಿದ್ದಬಾರದೆಂದು ನನ್ನ ಹೆಂಡತಿ ಹಾಗೂ ನನ್ನ ಗೆಳೆಯ, ನನ್ನನ್ನು ಕೇಳದೆಯೇ ತೀರ್ಮಾನಿಸಿದ್ದು ಎರಡು ಸಾವಿರದ ಇಪ್ಪತ್ತಮೂರನೆಯ ಇಸವಿ ಜುಲೈ ಒಂಬತ್ತನೆಯ ತಾರೀಖು, ಭಾನುವಾರ.