ಹದಿನೇಳು ಶಾಲು, ಒಂದು ಇಂಗ್ಲಿಷ್ ನಾಟಕ

ಬನ್ನಂಜೆಯ ಸೌಜನ್ಯ ಕಲಾ ಬಳಗದ ನಿಯಮಾವಳಿಯ ಪ್ರಕಾರ, ಸಭಾ ಕಾರ್ಯಕ್ರಮವಿಲ್ಲದೆ ಯಾವ ನಾಟಕವನ್ನೂ ಆಡತಕ್ಕದ್ದಲ್ಲ. ನಾಟಕವಿಲ್ಲದೆ ಸಭಾ ಕಾರ್ಯಕ್ರಮ ನಡೆಸಲು ಅಂಥ ನಿರ್ಬಂಧವೇನೂ ಇಲ್ಲ.

ಈ ವರ್ಷ ಬಳಗವು ಇಂಗ್ಲಿಷರ ಹಳೆಯ ಹಾಸ್ಯನಾಟಕವೊಂದನ್ನು ಕನ್ನಡದಲ್ಲಿ ಆಡಲು ಹೊರಟಿತ್ತು. ದೊಡ್ಡ ಮನೆತನದವರು ಚಹಾ ಕುಡಿಯುತ್ತ ಒಬ್ಬರನ್ನೊಬ್ಬರು ನಯವಾಗಿ ಚುಚ್ಚುವ ಕಥೆ. ಅದರಲ್ಲಿ ಎಲ್ಲರನ್ನೂ ನಡುಗಿಸುವ ಸೋದರತ್ತೆಯ ಪಾತ್ರ ದ್ರಾಕ್ಷಾಯಿಣಿಯದು. ಮಣಿಪಾಲದ ಹಾಸ್ಟೆಲೊಂದರ ಮೆಸ್ಸಿನಲ್ಲಿ ಚಪಾತಿ ಲಟ್ಟಿಸುವ, ಗದಗ ಕಡೆಯ ರೋಣದ ಹೆಂಗಸಿಗೆ ದೊರೆಸಾನಿಯ ಪಾತ್ರವೇ ಎಂದು ಸಮಿತಿ ಗೊಣಗಿದಾಗ, ನಿರ್ದೇಶಕ ಆಲ್ಫೋನ್ಸ್ ಮಾಸ್ಟ್ರು, "ಆ ಗತ್ತು ನಿಮ್ಮಲ್ಲಿ ಯಾರಿಗೆ ಉಂಟು ಮಾರಾಯ್ರೆ?" ಎಂದು ಬಾಯಿ ಮುಚ್ಚಿಸಿದ್ದರು. ನಾಲ್ಕು ತಿಂಗಳು ಅವಳು ಹಿಟ್ಟು ನಾದುತ್ತಲೇ ಮಾತು ಉರು ಹೊಡೆದಳು. ಮಗಳು ಬಣ್ಣ ಹಚ್ಚಿದ್ದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ತಾಯಿ ಹನುಮವ್ವ ರೋಣದಿಂದ ಬಸ್ಸು ಹಿಡಿದು ಬಂದಿದ್ದಳು. ಮರುದಿನವೇ ವಾಪಸ್ಸು.

ಸಂಜೆ ಐದಕ್ಕೆ ಆರಂಭ. ಎಂಟಕ್ಕೆ ಸಭಾಂಗಣವನ್ನು ಮದುವೆ ಮೆಹೆಂದಿಯವರಿಗೆ ಬಿಟ್ಟುಕೊಡಬೇಕು. ಗಣ್ಯರು ಹದಿನೇಳು ಮಂದಿ. ಕುರ್ಚಿ ಸಾಲದ್ದರಿಂದ, ನಾಟಕಕ್ಕೆಂದು ಕಾರ್ಕಳದಿಂದ ತರಿಸಿದ ಸೋಫಾಗಳ ಮೇಲೂ ಅವರನ್ನು ಕೂರಿಸಲಾಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಹದಿನೇಳು ಶಾಲು, ಹದಿನೇಳು ಹಣ್ಣಿನ ಬುಟ್ಟಿ, ಹದಿನೇಳು ಸನ್ಮಾನಪತ್ರಗಳ ವಾಚನ. "ಸಮಯದ ಅಭಾವವಿರುವುದರಿಂದ ಎರಡೇ ಮಾತು" ಎಂದು ಎದ್ದ ಕಾಪುವಿನ ಗಣ್ಯರೊಬ್ಬರು ನಲವತ್ತು ನಿಮಿಷ ತಮ್ಮ ಅಜ್ಜನ ಬಗ್ಗೆ ಮಾತಾಡಿದರು. ಎಲ್ಲರೂ ಗೌರವದಿಂದ ಆಕಳಿಸಿದರು.

ಬಳಗದ ಅಧ್ಯಕ್ಷ ದೂಮಪ್ಪನವರು ನೀರು ಕುಡಿಯಲು ಪರದೆಯ ಹಿಂದೆ ಬಂದಾಗ ದ್ರಾಕ್ಷಾಯಿಣಿ ಗೌನು ಎತ್ತಿಕೊಂಡು ಅಡ್ಡ ನಿಂತಳು.

"ಏನ್ರೀ ಅಧ್ಯಕ್ಷರ, ಏಳೂವರಿ ಆತು. ನಾಟಕ ಯಾವಾಗ್ರಿ? ನಮ್ಮವ್ವ ಕುಂತಾಳ್ರೀ ಪಾಪ."

"ಅವಸರ ಎಂತ? ಮುಖ್ಯ ಅತಿಥಿಗಳು ಏಳದೆ ವೇದಿಕೆಯಿಂದ ಯಾರೂ ಇಳಿಯುವ ಹಾಗಿಲ್ಲ. ನಿಯಮ ಉಂಟು."

"ಅವರಿಗೆ ಏಳಂತ ಹೇಳ್ರೆಲಾ!"

"ಹೇಳಿದೆ. ಅಧ್ಯಕ್ಷರು ಏಳುವ ಮೊದಲು ತಾನು ಏಳುವುದು ಮರ್ಯಾದೆ ಅಲ್ಲ ಅಂತ ಹೇಳಿದ್ರು. ದೊಡ್ಡ ಮನುಷ್ಯ ಅಲ್ವಾ?" ಎಂದು ದೂಮಪ್ಪನವರು ಬಾಯಿ ಒರೆಸಿಕೊಂಡು ಹೋಗಿ ಮತ್ತೆ ಕೂತರು.

ಏಳು ಐವತ್ತರ ಮೇಲೆ ದ್ರಾಕ್ಷಾಯಿಣಿ ಕಾಯಲಿಲ್ಲ. ಕರೆಯದಿದ್ದರೂ ದಡದಡನೆ ವೇದಿಕೆಗೆ ನುಗ್ಗಿ, ಸೋಫಾಗಳತ್ತ ಬೀಸಣಿಗೆ ಚಾಚಿ, ಎರಡನೆಯ ಅಂಕದ ಮಾತನ್ನು ಸಿಡಿಸಿದಳು: "ಕೂತಲ್ಲೇ ಬೊಜ್ಜು ಬೆಳೆಸುವ ಮಹನೀಯರೇ, ಜನ್ಮದಲ್ಲಿ ಒಂದು ಲೋಟವನ್ನಾದರೂ ತೊಳೆದವರು ನಿಮ್ಮಲ್ಲಿ ಯಾರಿದ್ದೀರಿ?"

ಹದಿನೇಳು ಗಣ್ಯರಲ್ಲಿ ಪ್ರತಿಯೊಬ್ಬರೂ ಪಕ್ಕದವರತ್ತ ತಿರುಗಿ ನೋಡಿ, ಮಾತು ಅವರಿಗೇ ಎಂದು ಖಾತ್ರಿಪಡಿಸಿಕೊಂಡು, ಮನಸಾರೆ ನಕ್ಕು ಚಪ್ಪಾಳೆ ತಟ್ಟಿದರು. "ಎಷ್ಟು ಸಹಜ ಅಭಿನಯ!" ಎಂದು ಮುಖ್ಯ ಅತಿಥಿಗಳು ಉದ್ಗರಿಸಿದರು. ಅವಳು ಮುಂದಿನ ಮಾತಿಗೆ ಬಾಯಿ ತೆರೆಯುವುದರೊಳಗೆ ಹೆಗಲಿಗೆ ಶಾಲು ಬಿತ್ತು, ಕೈಗೆ ಹಣ್ಣಿನ ಬುಟ್ಟಿ ಬಂತು. ವಂದನಾರ್ಪಣೆಯಾಗಿ ಪರದೆ ಇಳಿಯಿತು.

"ಉಳಿದ ನಾಟಕ?" ಎಂದು ಆಲ್ಫೋನ್ಸ್ ಮಾಸ್ಟ್ರು ಕಿರುಚಿದರು.

"ಸಾರ ಎಲ್ಲ ಬಂತಲ್ಲ ಮಾಸ್ಟ್ರೇ" ಎಂದರು ದೂಮಪ್ಪನವರು. ನಾಟಕವು ಅಭೂತಪೂರ್ವ ಯಶಸ್ಸು ಕಂಡಿತೆಂಬ ಪತ್ರಿಕಾ ಪ್ರಕಟಣೆ ಬೆಳಿಗ್ಗೆಯೇ ಹೋಗಿತ್ತು.

ಹೊರಗೆ ಹನುಮವ್ವ ಮಗಳ ಗಲ್ಲ ಸವರಿ ನೆಟಿಗೆ ಮುರಿದಳು. ಕಣ್ಣಲ್ಲಿ ನೀರು.

"ಇಂಗ್ಲಿಷರ ನಾಟಕ ಭಾಳ ಚಲೋ ಐತವ್ವ. ನಮ್ಮೂರಾಗಿನಂಗ ಬೆಳಗಾಗೂತನಕ ಒದರೂದಿಲ್ಲ. ಮೊದಲ ದೊಡ್ಡ ಮಂದಿ ಪಾರ್ಟು ಎಲ್ಲಾ ಮುಗೀತು, ಕಡೀಕ ನೀ ಬಂದು ಅವರ ಸೊಕ್ಕು ಇಳಿಸಿದಿ. ಆ ಅಜ್ಜನ ಕಥಿ ಹೇಳಿದಾಂವ ಮಾತ್ರ ಪಾರ್ಟು ಚಲೋ ಮಾಡಿದ ನೋಡು."

ನಾಲ್ಕು ತಿಂಗಳು ಉರು ಹೊಡೆದದ್ದರಲ್ಲಿ ದ್ರಾಕ್ಷಾಯಿಣಿ ಆಡಿದ್ದು ಒಂದೇ ಮಾತು. ತಾಯಿಯ ಮುಖವನ್ನೊಮ್ಮೆ ನೋಡಿದಳು.

"ಹೂನವ್ವ" ಎಂದಳು. "ಆಂವ ಭಾಳ ದಿನದಿಂದ ಪ್ರಾಕ್ಟೀಸ್ ಮಾಡ್ಯಾನ."